ಗೋಡೆಗೆ ಇಟ್ಟ ಥರ್ಮಾಮೀಟರ್

ಗೋಡೆಗೆ ಜ್ವರ ಬರುತ್ತದೆ ಎನ್ನುವವರನ್ನು ನಾನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಈಗಲೂ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಎಪ್ಪತ್ತರ ದಶಕದ ಮಾತು. ನಾನು ಚಿತ್ರದುರ್ಗದಲ್ಲಿ ಕಟ್ಟಡದ ಓವರ್‌ಸಿಯರ್. ಬಾಣಂತನ ಮುಗಿಸಿದ ತಂಗಿಯನ್ನೂ ಅವಳ ಕೂಸನ್ನೂ ರಾಮಗಿರಿಗೆ, ಅವಳ ಗಂಡ ಆಗಷ್ಟೇ ಕಟ್ಟಿಸಿದ್ದ ಮಣ್ಣಿನ ಮನೆಗೆ, ಬಿಟ್ಟುಬರಲು ಹೋಗಿದ್ದೆ. ಕೋಣೆಯ ಹಿಂದಿನ ಗೋಡೆಯ ಮಗ್ಗುಲಿಗೆ ತೊಟ್ಟಿಲು ಕಟ್ಟಿದ್ದೇ ತಡ, ತಂಗಿಯ ಅತ್ತೆ ಮುಂಗೈಯನ್ನು ಗೋಡೆಗೆ ಒತ್ತಿ, “ಈ ಗೋಡಿಗೆ ಜರ ಐತೆ ಕಣಪ್ಪ. ಕೂಸನ್ನ ಇಲ್ಲಿ ಮಲಗಿಸಬ್ಯಾಡ್ರಿ” ಅಂದಳು.

ಆ ಮುದುಕಿಗೆ ಜ್ವರ ಹುಡುಕುವ ಚಟ. ಹಿಂದೊಮ್ಮೆ ಬೀಸುವ ಕಲ್ಲಿಗೆ ಜ್ವರ ಎಂದು ಕಂಬಳಿ ಹೊದಿಸಿದ್ದಳಂತೆ. ಎತ್ತಿನ ಗಾಡಿಗೂ ಬಂದಿತ್ತಂತೆ. ಮಗನೋ, ತಾಯಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವ. ನಾನು ಗೋಡೆಗೆ ತೂಗುಗುಂಡು ಬಿಟ್ಟು ನೋಡಿದೆ, ತಟ್ಟಿ ನೋಡಿದೆ. ನೆಟ್ಟಗಿತ್ತು, ಗಟ್ಟಿಯಾಗಿತ್ತು. ಮುದುಕಿಯ ಬಾಯಿ ಮುಚ್ಚಿಸಬೇಕೆಂದು, ಕೂಸಿಗಾಗಿ ತಂದಿದ್ದ ಥರ್ಮಾಮೀಟರ್ ತೆಗೆದೆ. ಮೊದಲು ನನ್ನ ಕಂಕುಳಲ್ಲಿಟ್ಟು ತೋರಿಸಿದೆ, ಸರಿಯಾಗಿತ್ತು. ಕೊಡವಿ ಎದುರು ಗೋಡೆಗೆ ಒತ್ತಿದೆ, ಪಾದರಸ ಅಲ್ಲಾಡಲಿಲ್ಲ. ಆಮೇಲೆ ಹಿಂದಿನ ಗೋಡೆಗೆ ಒತ್ತಿ, “ನೋಡ್ಕಳ್ರಿ ನಿಮ್ಮ ರೋಗೀನ” ಅಂದೆ.

ಪಾದರಸ ನೂರು ದಾಟಿತು. ಮುಟ್ಟಿದರೆ ನನ್ನ ಕೈಗೂ ಕಾವು ತಗುಲಿತು.

ಪುಷ್ಯದ ಚಳಿ. ಆ ಗೋಡೆಗೆ ಬಿಸಿಲು ಬೀಳುವುದಿಲ್ಲ. ಆಚೆ ಒಲೆಯಿಲ್ಲ, ಕುರಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿಯಷ್ಟೇ. ಹಾಳು ಥರ್ಮಾಮೀಟರ್ ಎಂದು ಬೈದು, ಮುದುಕಿಯ ಕಾಟ ತಪ್ಪಿದರೆ ಸಾಕೆಂದು ನಾನೇ ತೊಟ್ಟಿಲು ಬಿಚ್ಚಿ ನಡುಮನೆಯಲ್ಲಿ ಕಟ್ಟಿದೆ.

ಮಾರನೆಯ ಬೆಳಗ್ಗೆ ರೊಟ್ಟಿ ತಿನ್ನುತ್ತಿದ್ದಾಗ ಆ ಗೋಡೆ ಕೋಣೆಯೊಳಕ್ಕೆ ಕುಸಿಯಿತು. ತೊಟ್ಟಿಲಿದ್ದ ಜಾಗದಲ್ಲಿ ಎದೆಮಟ್ಟ ಮಣ್ಣು. ತೊಟ್ಟಿಯ ನೀರು ಒಳಗೊಳಗೇ ಇಳಿದು ಗೋಡೆಯ ಬುಡ ನೆನೆದುಹೋಗಿತ್ತು. ಅಷ್ಟು ನನಗೂ ಅರ್ಥವಾಯಿತು. ಆದರೆ ನೆನೆದ ಗೋಡೆ ತಣ್ಣಗಿರಬೇಕಲ್ಲ? ಮುಂದೆ ಒಬ್ಬ ಎಂಜಿನಿಯರ್ ಅದು ಸುಣ್ಣದ ಕಾವು ಎಂದ. ಆ ಗೋಡೆ ಸುಣ್ಣದ ಮುಖವನ್ನೇ ಕಂಡಿರಲಿಲ್ಲ. ಐನೋರೊಬ್ಬರು ದೇವರ ಸೂಚನೆ ಎಂದರು. ಬೀಸುವ ಕಲ್ಲಿನ ಜ್ವರ ಯಾರ ಸೂಚನೆ ಎಂದು ಕೇಳಿದ್ದಕ್ಕೆ ನನ್ನೊಡನೆ ಮಾತು ಬಿಟ್ಟರು. ಎಲ್ಲ ಬಲ್ಲ ಇಂಥವರಿಗಿಂತ ಆ ಮುದುಕಿಯೇ ವಾಸಿ. ನನಗಂತೂ ಇವತ್ತಿಗೂ ಗೊತ್ತಿಲ್ಲ.

ಅಂದು ತಂಗಿ ಕೂಸನ್ನು ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುದುಕಿ ಬಿದ್ದ ಮಣ್ಣಿನ ಮೇಲೆ ಮುಂಗೈ ಇಟ್ಟು, “ಈಗ ಜರ ಬಿಡ್ತು ನೋಡಪ್ಪ” ಅಂದಳು.

ನಾನೂ ಮುಟ್ಟಿದೆ. ಹೆಣದಂತೆ ತಣ್ಣಗಿತ್ತು.