ಓಗೊಟ್ಟ ಹೆಸರು

ನನ್ನ ಹೆಸರು ಹುಸೇನಪ್ಪ. ಇಲ್ಲಿ ಬೇರೆ ಯಾರ ಹೆಸರನ್ನೂ ಹೇಳುವುದಿಲ್ಲ. ಈ ಒಂದನ್ನು ಸಂಭಾಳಿಸುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಹೆಸರು ಮಾತ್ರ ಅರಬಸ್ತಾನದ್ದು. ದೂರದವರಿಗೆ ಇದು ಸೋಜಿಗ. ಚೌಡಾಪುರದ ಹತ್ತಿರದ ನಮ್ಮೂರಿನಲ್ಲಿ ಇದರ ಬಗ್ಗೆ ಯಾರೂ ಹುಬ್ಬು ಸಹ ಏರಿಸುತ್ತಿರಲಿಲ್ಲ, ಏಕೆಂದರೆ ನಮ್ಮ ಓಣಿಯಲ್ಲೇ ಮೂವರು ಹುಸೇನಪ್ಪಂದಿರಿದ್ದೆವು.

ಅವ್ವ ನನಗಿಂತ ಮೊದಲು ಮೂರು ಗಂಡುಮಕ್ಕಳನ್ನು ಹೆತ್ತಿದ್ದಳು. ಮೂವರಿಗೂ ಮನೆದೇವರ ಹೆಸರುಗಳನ್ನೇ ಇಟ್ಟಿದ್ದರು. ಮೂವರೂ ವರ್ಷ ತುಂಬುವ ಮೊದಲೇ ಹೋದರು. ನಾನು ಹೊಟ್ಟೆಯಲ್ಲಿದ್ದಾಗ ಮೊಹರಂ ಬಂತು. ಅವ್ವ ಅಲಾಯಿ ದೇವರಾದ ಹುಸೇನರ ಬೆಂಕಿಕುಣಿಯ ಮುಂದೆ ನಿಂತು, "ಇದೊಂದರೆ ಉಳೀಲಿ, ನಿನ್ನ ಹೆಸರ ಇಡ್ತೇನಿ" ಎಂದು ಹರಕೆ ಹೊತ್ತಳಂತೆ. ನಾನು ಉಳಿದೆ. ಮೊಹರಂನಲ್ಲಿ ದೇವರನ್ನು ಕೂಡಿಸುವ ಮುಜಾವರ ಚಾಚಾ ನನ್ನ ಬಾಯಿಗೆ ಸಕ್ಕರೆ ಹಾಕಿ, ನವಿಲುಗರಿಯಿಂದ ತಲೆ ಸವರಿ, ಕೊರಳಿಗೆ ಕೆಂಪು ದಾರದ ಲಾಡಿ ಕಟ್ಟಿ ಹೆಸರಿಟ್ಟರು. ಹನ್ನೆರಡು ತುಂಬುವವರೆಗೆ ಪ್ರತಿ ಮೊಹರಂಗೆ ನಾನು ಫಕೀರನಾಗಬೇಕಿತ್ತು. ಜೋಳಿಗೆ ಹಾಕಿಕೊಂಡು ಐದು ಮನೆ ಬೇಡಿ ಬರುತ್ತಿದ್ದೆ. ಕೊರಳಲ್ಲಿ ಶಿವದಾರವೂ ಲಾಡಿಯೂ ಒಂದಕ್ಕೊಂದು ಸಿಕ್ಕು ಬೀಳುತ್ತಿದ್ದವು. ಬಿಡಿಸಲು ಅವ್ವನೇ ಬೇಕಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಅಫಜಲಪುರದ ಹೈಸ್ಕೂಲಿಗೆ ಹೋದಾಗ ಈ ಹೆಸರಿನ ಜನಪ್ರಿಯತೆ ಎಷ್ಟೆಂದು ತಿಳಿಯಿತು. ನಮ್ಮ ತರಗತಿಯಲ್ಲಿ ಇಬ್ಬರು ಹುಸೇನಸಾಬರು, ಇಬ್ಬರು ಹುಸೇನಪ್ಪಂದಿರು. ಮಾಸ್ತರರು ಅವಸರದಲ್ಲಿ "ಹುಸೇನಾ" ಎಂದು ಅರ್ಧಕ್ಕೇ ನಿಲ್ಲಿಸಿದರೆ ನಾಲ್ವರೂ ಎದ್ದು "ಹಾಜರ್ ಸರ್" ಎನ್ನುತ್ತಿದ್ದೆವು. ಸೊನ್ನದ ಕಡೆಯ ಹುಸೇನಸಾಬ ವಾರಗಟ್ಟಲೆ ಬಾರದಿದ್ದರೂ ನಮ್ಮ ಪುಣ್ಯದಿಂದ ಅವನ ಹಾಜರಿ ತುಂಬುತ್ತಿತ್ತು. ಏಟಿನ ವಿಷಯದಲ್ಲೂ ಅದೇ ಸಮಾನತೆ. ಒಬ್ಬ ತಪ್ಪು ಮಾಡಿದರೆ ಮಾಸ್ತರರು ವಿಚಾರಣೆಗೆ ಸಮಯ ಕಳೆಯದೆ ನಾಲ್ವರಿಗೂ ಹಂಚಿಬಿಡುತ್ತಿದ್ದರು.

ಹೆಸರಿನ ಅರ್ಥವೇನೆಂದು ಒಮ್ಮೆ ಚಾಚಾನನ್ನು ಕೇಳಿದೆ. "ಹಸನ್ ಅಂದ್ರ ಚಂದ, ಛಲೋ. ಹುಸೇನ್ ಅಂದ್ರ ಸಣ್ಣ ಚಂದ" ಎಂದರು. ಪ್ರವಾದಿಗಳಿಗೆ ಇಬ್ಬರು ಮೊಮ್ಮಕ್ಕಳು, ದೊಡ್ಡವರಿಗೆ ಮೊದಲನೆಯ ಹೆಸರು, ಕಿರಿಯರಿಗೆ ಎರಡನೆಯದು, ಆ ಕಿರಿಯರು ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ತಲೆ ಕೊಟ್ಟರೇ ಹೊರತು ತಲೆ ಬಾಗಿಸಲಿಲ್ಲ ಎಂದು ಕಥೆ ಹೇಳಿದರು. ಹೇಳುತ್ತ ಅವರೇ ಕಣ್ಣೊರೆಸಿಕೊಂಡರು. ಇಂಗ್ಲಿಷ್ ಮಾಸ್ತರರು ಕಣ್ಣು ಕೆಂಪಗೆ ಮಾಡಿದರೆ ಸಾಕು, ಬೆಂಚಿನ ಕೆಳಗೆ ಸರಿಯುವ ನನಗೆ ಮೂಗಿಗಿಂತ ಮೂಗುತಿ ಭಾರವಾಯಿತು ಎನ್ನಿಸಿತು. ಮನೆಗೆ ಬಂದು ಅವ್ವನಿಗೆ ಅರ್ಥ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀ ಬದುಕಿದಿ. ಅದ ಅದರ ಅರ್ಥ" ಎಂದಳು.

ಎಂಬತ್ತರ ದಶಕದಲ್ಲಿ ಗಣಿತ ಮಾಸ್ತರನಾಗಿ ಜೇವರ್ಗಿಗೆ ಹೋದೆ. ಬಾಡಿಗೆ ಮನೆ ಹುಡುಕಬೇಕಿತ್ತು. ಮೊದಲನೆಯ ಮಾಲಕರು ನನ್ನ ವಿಭೂತಿ ನೋಡಿ ಕುರ್ಚಿ ಹಾಕಿದರು, ಹೆಸರು ಕೇಳಿ, "ಮನಿ ನಿನ್ನೇನ ಹೋತ್ರಿ" ಎಂದರು. ಬಾಗಿಲಿಗೆ "ಬಾಡಿಗೆಗಿದೆ" ಎಂಬ ಹಲಗೆ ಇನ್ನೂ ತೂಗುತ್ತಿತ್ತು. ಎರಡನೆಯ ಮಾಲಕರಿಗೆ ಮಧ್ಯವರ್ತಿಯೊಬ್ಬ ನನ್ನ ಹೆಸರನ್ನು ಮೊದಲೇ ಹೇಳಿದ್ದ. ಆ ಸಾಹೇಬರು ಬಾಗಿಲಿಗೆ ಬಂದು ಸಲಾಂ ಮಾಡಿ, ಕೈ ಅರ್ಧದಲ್ಲೇ ನಿಲ್ಲಿಸಿ ನನ್ನ ಹಣೆ ನೋಡಿದರು. ನಾನು ಹರಕೆಯ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕು ಕೀಲಿ ಕೊಟ್ಟರು: "ಹೆಸರು ನಮ್ದು, ಹಣಿ ನಿಮ್ದು, ಇರ್ಲಿ ಬಿಡ್ರಿ. ನಳದ ನೀರ ಮಾತ್ರ ಎಲ್ಲಾರಿಗೂ ದಿನ ಬಿಟ್ಟು ದಿನ."

ಅಷ್ಟರಲ್ಲಿ ಕಾಲ ಬದಲಾಗತೊಡಗಿತ್ತು. ನಮ್ಮೂರಿನಲ್ಲಿ ನನ್ನ ನಂತರ ಹುಟ್ಟಿದ ಮಕ್ಕಳಿಗೆ ಸಿನಿಮಾ ನಟರ ಹೆಸರುಗಳು ಬಂದವು. ಹರಕೆ ಹೊತ್ತವರೂ ಹುಸೇನಪ್ಪ ಎಂಬುದನ್ನು ತೊಟ್ಟಿಲಲ್ಲೇ ಬಿಟ್ಟು ಶಾಲೆಗೆ ಬೇರೆ ಹೆಸರು ಬರೆಸಿದರು. ಪೇಪರಿನಲ್ಲಿ ಹಿಂದೂ-ಮುಸ್ಲಿಂ ಗಲಾಟೆಯ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಆಮೇಲೆ ನನ್ನ ಕೊರಳಿನ ಲಿಂಗ ನೆನಪಾಗಿ ಮತ್ತೆ ಏರಿಸುತ್ತಿದ್ದರು.

ಹೆಣ್ಣು ನೋಡುವ ಕಾಲ ಬಂದಾಗ ಎರಡು ಸಂಬಂಧಗಳು ಹೆಸರಿನ ಹೊಸ್ತಿಲಿಗೆ ಎಡವಿ ಬಿದ್ದವು. ಮೂರನೆಯದು ಆಳಂದದಲ್ಲಿ ಕೂಡಿಬಂತು. ಹುಡುಗಿ ನನಗೆ ಬಹಳ ಹಿಡಿಸಿದಳು. ಅವಳ ತಂದೆ ನಿವೃತ್ತ ಹೆಡ್‌ಮಾಸ್ತರರು, ಜಾತಿ ಮತ ಎಲ್ಲ ಒಂದೇ ಎಂದು ಜೀವಮಾನವಿಡೀ ಭಾಷಣ ಮಾಡಿದವರು. ಅವರು ಕೆಮ್ಮಿ, ಸಂಕೋಚದಿಂದ ಹೇಳಿದರು: "ನನಗ ಏನೂ ಅಡ್ಡಿ ಇಲ್ರಿ. ಆದ್ರ ಲಗ್ನಪತ್ರಿಕಾ ಓದೋ ಮಂದಿ ಅದಾರಲ್ರೀ. ಕೋರ್ಟಿನ್ಯಾಗ ಒಂದು ಅಫಿಡವಿಟ್ ಮಾಡಿಸಿ ಹೆಸರ ಬದಲ್ ಮಾಡ್ಕೊಂಡ್ರ ಆತು."

ನಾನು ಎಷ್ಟು ಬೇಗ ಒಪ್ಪಿಕೊಂಡೆ ಎಂದರೆ ಅವರೇ ಬೆರಗಾದರು. ಹೊಸ ಹೆಸರನ್ನೂ ಆರಿಸಿಟ್ಟೆ. ಅದರಲ್ಲಿ ಸಹಿ ಮಾಡುವುದನ್ನು ರೂಢಿ ಮಾಡಿಕೊಳ್ಳಲು ಹಳೆಯ ನೋಟ್‌ಬುಕ್ಕಿನ ಆರೇಳು ಪುಟ ತುಂಬಿಸಿದೆ. ಸಹಿ ಚೆನ್ನಾಗಿಯೇ ಕೂಡುತ್ತಿತ್ತು. ಉಳಿದದ್ದು ಅವ್ವ. ಹೆಸರು ಹೋದರೆ ಮಗನೂ ಹೋಗುತ್ತಾನೆ ಎಂದು ಆಕೆ ನಂಬಿದ್ದಾಳೆಂದು ನನಗೆ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಸೀದಾ ಚಾಚಾನ ಹತ್ತಿರ ಹೋದೆ. ಹರಕೆ ತೀರಿತು, ಇನ್ನು ಹೆಸರು ಬೇಕಿಲ್ಲ ಎಂದು ಅವ್ವನಿಗೆ ನೀವೇ ಹೇಳಿಬಿಡಿ ಎಂದೆ.

ಚಾಚಾಗೆ ಆಗ ಕಣ್ಣು ಮಂಜಾಗಿದ್ದವು. ಅವರು ಹೇಳಿದರು: "ಬೇಟಾ, ಆ ಹೆಸರ ನಾ ನಿನಗ ಕೊಟ್ಟಿಲ್ಲ. ನೀ ಆಗ ಕೂಸು, ನಿನಗೇನು ತಿಳೀತಿತ್ತು? ನಿಮ್ಮವ್ವಗ ಕೊಟ್ಟೀನಿ. ವಾಪಸ್ ಕೊಡೂದಿದ್ರ ಆಕೀನ ಕೊಡಬೇಕು. ಹೋಗಿ ಕೇಳು."

ಅವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ, ಅಫಿಡವಿಟ್ ಎಂದರೇನು ಎಂಬುದನ್ನು ಮಾಸ್ತರನ ಗತ್ತಿನಲ್ಲಿ ವಿವರಿಸಿದೆ. ಆಕೆ ಮೊರ ನಿಲ್ಲಿಸಲಿಲ್ಲ.

"ಮಾಡ್ಕೊ. ಸಾಲಿ ಕಲ್ತಾವ ಇದ್ದಿ, ನಿನಗ ತಿಳೀತದ" ಎಂದಳು.

ಇಷ್ಟು ಸುಲಭವೇ ಎಂದು ನಾನು ಏಳುವುದರಲ್ಲಿದ್ದೆ. ಮೊರ ನಿಂತಿತು.

"ನಾ ನಾಕ ಹೆಸರ ಕೂಗೀನಪ್ಪಾ. ತೊಟ್ಟಿಲ ಹಿಡಕೊಂಡು ಕೂಗೀನಿ. ಮೂರು ಹೆಸರಿನವ್ರು ಓ ಅನ್ನಲಿಲ್ಲ. ನೀ ಒಬ್ಬ ಓ ಅಂದಿ. ಇನ್ನ ಐದನೇದು ಕೂಗಾಕ ನನಗ ಧೈರ್ಯ ಇಲ್ಲ. ನೀ ಬೇಕಾದ್ದು ಇಟ್ಕೊ. ನಾ ನಿನ್ನ ಕರಿಯೂದ ಬಿಡ್ತೇನಿ."

ಮತ್ತೆ ಕೇರತೊಡಗಿದಳು. ನನಗೆ ನಾಚಿಕೆಯಾಯಿತು. ನೋಟ್‌ಬುಕ್ಕಿನಲ್ಲಿ ಅಂದವಾಗಿ ಮಾಡಿದ್ದ ಆ ಸಹಿಗಳೆಲ್ಲ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ.

ಮರುದಿನ ಆಳಂದದ ಬಸ್ಸು ಹತ್ತಿದೆ. ಹೆಸರು ಬದಲಾಗುವುದಿಲ್ಲ, ನಿಮಗೆ ಬೇಡವಾದರೆ ಸಂಬಂಧ ಇಲ್ಲಿಗೇ ಬಿಡೋಣ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಹೇಳುವಾಗ ಒಳಬಾಗಿಲ ಕಡೆಗೇ ನೋಡುತ್ತಿದ್ದೆ, ಏಕೆಂದರೆ ಹುಡುಗಿ ಬೇಡವೆಂದು ನನಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. ಒಳಗಿನಿಂದ ಹುಡುಗಿಯ ದನಿ ಬಂತು.

"ಅಪ್ಪಾ, ಗಂಡನ ಹೆಸರ ಹಿಡದು ನಾ ಎಲ್ಲಿ ಕರೀತೇನ್ರಿ? ಹೊಸ್ತಿಲದಾಗ ಒಡಪ ಹಾಕುವಾಗ ಒಮ್ಮೆ ಹೇಳೋದು. ಅಷ್ಟು ನಾ ಹೇಳ್ತೇನಿ ಬಿಡ್ರಿ."

ಮೂರು ತಿಂಗಳಿಂದ ಎರಡು ಮನೆತನಗಳು ತಲೆ ಕೆಡಿಸಿಕೊಂಡಿದ್ದ ಹೆಸರು, ಅದನ್ನು ಕಟ್ಟಿಕೊಳ್ಳುವವಳು ಸಂಪ್ರದಾಯದ ಪ್ರಕಾರ ಬಾಯಲ್ಲಿ ತರುವಂತೆಯೇ ಇಲ್ಲ! ಇದು ನನಗೂ ಹೊಳೆದಿರಲಿಲ್ಲ, ಭಾಷಣ ಮಾಡಿದವರಿಗೂ ಹೊಳೆದಿರಲಿಲ್ಲ. ಹೆಡ್‌ಮಾಸ್ತರರು ಕನ್ನಡಕ ಹಾಕಿಕೊಂಡು, "ಚಹಾ ತರ್ರಿ" ಎಂದರು.

ಲಗ್ನ ಮುಗಿದು ನಮ್ಮೂರಿನ ಮನೆಗೆ ಬಂದೆವು. ಹೊಸ್ತಿಲಲ್ಲಿ ಓಣಿಯ ಹೆಣ್ಣುಮಕ್ಕಳು ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದರು. ಅವರ ಹಿಂದೆ ಅವ್ವ ಆರತಿ ಹಿಡಿದು ನಿಂತಿದ್ದಳು. ಹೆಸರಿನ ವಿಷಯವನ್ನು ಜೋಳ ಕೇರಿದ ಆ ದಿನದ ಮೇಲೆ ನಾವಿಬ್ಬರೂ ಎತ್ತಿರಲಿಲ್ಲ. ಅವಳು ನನ್ನನ್ನು ಹೆಸರು ಹಿಡಿದು ಕರೆದೂ ಇರಲಿಲ್ಲ. ಹೆಂಡತಿ ತಲೆ ಎತ್ತಿ, ಸಂಕೋಚವಿಲ್ಲದೆ ಒಡಪು ಹಾಕಿದಳು:

"ಹೊಲದಾಗ ಹಾಲು ತುಂಬ್ಯಾವ ಬಿಳಿಜೋಳದ ತೆನಿ,
ಹುಸೇನಪ್ಪನವರ ಹೆಸರ ಹೇಳಿ ತುಂಬ್ತೇನಿ ಈ ಮನಿ."

ಒಡಪಿನಲ್ಲಿ ಹೆಸರು ಬಂದಾಗ ಗಂಡನಾದವನು ನೆಲ ನೋಡುತ್ತ ನಿಲ್ಲಬೇಕು. ನಾನು ಗಟ್ಟಿಯಾಗಿ "ಓ" ಎಂದೆ.

ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ. ಆರತಿ ತಟ್ಟೆಯನ್ನು ಒಂದೇ ಕೈಯಲ್ಲಿ ಹಿಡಿದುಕೊಂಡಳು. ಪಕ್ಕದವಳ ತೋಳು ಹಿಡಿದು, "ಕೇಳಿದೇನವ್ವ? ಓ ಅಂದ ನೋಡು" ಎಂದಳು.