ಬಂಡಿಜಾಡಿಗೊಂದು ಅರ್ಜಿ

ನನ್ನ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಗಂಟೆಯೂ ಇಲ್ಲ. ಬೆಟ್ಟ ಹತ್ತುವ ಸೈಕಲ್ಲಿಗೆ ಇವೆಲ್ಲ ಅನಗತ್ಯ ಭಾರವಂತೆ. ಅದರ ಮೇಲೆ ಕೂರುವವನ ಹೊಟ್ಟೆ ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ. ಸ್ಟ್ಯಾಂಡಿಲ್ಲದ ಸೈಕಲ್ಲಿನ ಯಜಮಾನ ಹೋದಲ್ಲೆಲ್ಲ ಅದನ್ನು ಒರಗಿಸಲು ಒಂದು ಆಸರೆ ಹುಡುಕುತ್ತಿರಬೇಕು: ಹೊಂಗೆಮರ, ಕಲ್ಲುಕಂಬ, ಪಂಪ್‌ಹೌಸಿನ ಗೋಡೆ. ಹಾಗೆ ಹುಡುಕುತ್ತಿದ್ದ ಒಂದು ಭಾನುವಾರ ಕಣ್ಣಿಗೆ ಬಿದ್ದದ್ದು ಹೊಚ್ಚ ಹೊಸ ಕಾಂಪೌಂಡು. ಒರಗಿಸಲು ಪ್ರಶಸ್ತವಾದ ಗೋಡೆಯೇ ಹೌದು. ಆದರೆ ಅದು ಎದ್ದು ನಿಂತಿದ್ದುದು ದಾರಿಯ ಪಕ್ಕದಲ್ಲಲ್ಲ, ದಾರಿಗೆ ಅಡ್ಡಲಾಗಿ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ಗೋಡೆ ಕಟ್ಟಿದವರ ಮೇಲೆ. ಉಳಿದರ್ಧ, ಅವರಿಗೆ ಧೈರ್ಯವಾಗಿ ಕಟ್ಟಿಕೊಳ್ಳಲು ಕಾಗದ ಒದಗಿಸಿಕೊಟ್ಟ ಮಹಾನುಭಾವನ ಮೇಲೆ. ಆ ಮಹಾನುಭಾವ ನಾನೇ.

ಮೊದಲು ದಾರಿಯ ಮಾತು. ನಾನಿರುವುದು ದೊಡ್ಡಬಳ್ಳಾಪುರದಲ್ಲಿ. ಸರ್ಕಾರದ ಒಂದು ಇಲಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಕುರ್ಚಿಯ ಆಕಾರಕ್ಕೆ ದೇಹವನ್ನು ಒಗ್ಗಿಸಿಕೊಂಡು ನಿವೃತ್ತನಾದವನು. ಡಾಕ್ಟರು ನಡೆಯಿರಿ ಎಂದರು, ಮಂಡಿ ನೋವು ಎಂದೆ. ಹಾಗಾದರೆ ಸೈಕಲ್ ತುಳಿಯಿರಿ ಎಂದರು. ಡಾಂಬರು ರಸ್ತೆಯಲ್ಲಿ ತುಳಿಯೋಣವೆಂದರೆ, ವಿಮಾನ ನಿಲ್ದಾಣ ಬಂದಂದಿನಿಂದ ಜಲ್ಲಿ ತುಂಬಿದ ಟಿಪ್ಪರ್‌ಗಳು ಯಮನಿಂದ ಗುತ್ತಿಗೆ ಹಿಡಿದಂತೆ ಓಡಾಡುತ್ತಿವೆ. ಹೀಗಾಗಿ ಹೊಲದ ದಾರಿ ಹಿಡಿದೆ. ರಾಜಘಟ್ಟದಿಂದಾಚೆ, ಎಷ್ಟು ಆಚೆ ಎಂದು ಕೇಳಬೇಡಿ, ದಿಣ್ಣೆ ಏರಿ, ನೀಲಗಿರಿ ತೋಪಿನ ಅಂಚಿನಲ್ಲಿ ಹಾದು, ಅರ್ಕಾವತಿಗೆ ಸೇರುವ ಒಂದು ಹಳ್ಳದ ಕಣಿವೆಗೆ ಸರ್ರನೆ ಇಳಿದು, ಮತ್ತೆ ರಾಗಿಹೊಲದ ಮಗ್ಗುಲಲ್ಲಿ ಏದುಸಿರು ಬಿಡಿಸುತ್ತ ಮೇಲೇರುವ ಬಂಡಿಜಾಡು ಅದು. ಓದುಗ ಮಿತ್ರರೇ, ಆ ಇಳಿಜಾರಿನಲ್ಲಿ ಬ್ರೇಕು ಬಿಟ್ಟು ಜಾರುವಾಗ ಅರವತ್ತು ದಾಟಿದವನ ಬಾಯಿಂದ ಹೊರಡುವ ಸದ್ದನ್ನು ನನ್ನ ಮನೆಯಾಕೆ ಕೇಳದಿರುವುದೇ ಕ್ಷೇಮ.

ಅದೇ ದಾರಿ ಸರೋಜಮ್ಮನವರಿಗೆ ಮೋಜಿನದಾಗಿರಲಿಲ್ಲ. ಹಳ್ಳದ ಈಚೆ ಅವರು ರೇಷ್ಮೆ ಸಾಕುವ ಹುಳುಮನೆ, ಆಚೆ ಅವರ ಹಿಪ್ಪುನೇರಳೆ ತೋಟ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನೆ ಕೂರುವುದನ್ನು ಇಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದವೆಂದರೆ ಗೂಡು ಕಟ್ಟುವವರೆಗೆ ಅವುಗಳಿಗೆ ತಿನ್ನುವುದೊಂದೇ ಉದ್ಯೋಗ. ಆ ವಾರದಲ್ಲಿ ಸೊಪ್ಪು ಬಾಡಿತೆಂದರೆ ಬೆಳೆ ಹೋಯಿತು. ಸರೋಜಮ್ಮ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ತಲೆಯ ಮೇಲಿಟ್ಟು, ಆ ಜಾಡಿನಲ್ಲಿ ಹತ್ತೇ ನಿಮಿಷಕ್ಕೆ ಹುಳುಮನೆ ಸೇರುತ್ತಿದ್ದರು. ಎದುರಾದಾಗ ನಾನು ಇಳಿದು ಪಕ್ಕಕ್ಕೆ ನಿಲ್ಲುತ್ತಿದ್ದೆ. ಏನನ್ನೂ ಹೊರದೆ ಸುಮ್ಮನೆ ಹೋಗಿ ಸುಮ್ಮನೆ ಬರುವ ಸೈಕಲ್ಲನ್ನು ಕಂಡು ಅವರು ಮೊದಮೊದಲು ನನ್ನನ್ನು ಜಮೀನು ನೋಡಲು ಬಂದ ದಲ್ಲಾಳಿಯೆಂದು ತಿಳಿದಿದ್ದರಂತೆ. ಆಮೇಲೆ ಕರೆದು ಮಜ್ಜಿಗೆ ಕೊಡುವಷ್ಟು ವಿಶ್ವಾಸ ಬೆಳೆಯಿತು.

ಜಾಡಿನ ನಡುಭಾಗದ ಜಮೀನು ಲೇಔಟಿನವರ ಪಾಲಾಯಿತು. ಆದರೂ ಅವರು ಜಾಡಿನುದ್ದಕ್ಕೂ ಹತ್ತಡಿ ಖಾಲಿ ಬಿಟ್ಟು ಎರಡೂ ಬದಿಗೆ ಕಲ್ಲು ನೆಟ್ಟರು. ಧರ್ಮಬುದ್ಧಿಯಿಂದೇನಲ್ಲ, ತಲೆತಲಾಂತರದಿಂದ ಜನ ಓಡಾಡುವ ದಾರಿ, ಮುಟ್ಟಿದರೆ ಎಲ್ಲಿ ತೊಡಕಾಗುತ್ತದೋ ಎಂಬ ಅನುಮಾನದಿಂದ. ಆ ಅನುಮಾನವೇ ದಾರಿಯನ್ನು ಕಾಯುತ್ತಿತ್ತು. ಒಂದು ಬೆಳಗ್ಗೆ ಅಲ್ಲಿನ ಕಾವಲುಗಾರ, ಯಾರನ್ನು ಕೇಳಿ ಬಂದಿರಿ ಎಂದು ನನ್ನನ್ನು ತಡೆದ. ನನ್ನ ಹಿಂದೆಯೇ ಹೊರೆ ಹೊತ್ತು ಬಂದ ಸರೋಜಮ್ಮನವರನ್ನು ಅವನು ತಡೆಯಲಿಲ್ಲ ಎಂಬುದನ್ನು ಗಮನಿಸುವ ವ್ಯವಧಾನ ನನಗೆಲ್ಲಿತ್ತು? ಗುಮಾಸ್ತನಿಗೆ ಅವಮಾನವಾದರೆ ಅವನು ಕೈ ಎತ್ತುವುದಿಲ್ಲ, ಪೆನ್ನು ಎತ್ತುತ್ತಾನೆ.

ಜಾಡನ್ನು ದಾಖಲೆಗೆ ಸೇರಿಸಿಕೊಡಿ ಎಂದು ತಹಶೀಲ್ದಾರರಿಗೆ ಮೂರು ಪುಟದ ಅರ್ಜಿ ಬರೆದೆ. ಸದರಿ, ಮೇಲ್ಕಂಡ, ಅನಾದಿಕಾಲದಿಂದಲೂ, ಸಾರ್ವಜನಿಕ ಹಿತದೃಷ್ಟಿಯಿಂದ ಎಂದೆಲ್ಲ ನನ್ನ ಸೇವಾವಧಿಯ ಸಮಸ್ತ ಪಾಂಡಿತ್ಯವನ್ನೂ ಧಾರೆಯೆರೆದೆ. ಬರೆದು ಮುಗಿಸಿ ಎರಡು ಸಲ ಗಟ್ಟಿಯಾಗಿ ಓದಿಕೊಂಡೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅರ್ಜಿಗೆ ತೂಕ ಬರಲೆಂದು ಸರೋಜಮ್ಮನವರ ಸಹಿಯೂ ಬೇಕಿತ್ತು. ಅವರು ಪೆನ್ನು ಹಿಡಿದು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ದಾರಿ ಅಲ್ಲೇ ಐತಲ್ಲ ಸಾರ್. ದಿನಾ ಓಡಾಡ್ತಾನೇ ಇದೀವಿ. ಇರೋದನ್ನ ಯಾಕ್ ಬರ್ದು ಕೇಳ್ಬೇಕು?"

ಕಾಗದದ ಮೇಲಿದ್ದರೇ ಭದ್ರ ಎಂದು ನಾನು ಉಪದೇಶ ಮಾಡಿದೆ. ದೊಡ್ಡವರು ಹೇಳುತ್ತಿದ್ದಾರಲ್ಲ ಎಂದು ಅವರು ಸಹಿ ಹಾಕಿದರು.

ಸರ್ವೆಯವರು ಬಂದರು, ಗ್ರಾಮನಕಾಶೆ ಬಿಚ್ಚಿದರು. ಅದರಲ್ಲಿ ದಾಖಲಾದ ಬಂಡಿದಾರಿಗಳಿಗೆ ಜೋಡಿ ಚುಕ್ಕೆಗೆರೆ ಇರುತ್ತದೆ. ಹಾಗೆ ಇರುವುದು ನಕಾಶೆ ದಾರಿ. ಇಲ್ಲದಿದ್ದರೂ ಜನ ನಡೆಯುವುದು ರೂಢಿ ದಾರಿ. ಹೊಲದವನು ಉಳುವಾಗ ಅಷ್ಟಗಲ ಬಿಟ್ಟು ಉಳುತ್ತಾನೆ, ನಡೆಯುವವನು ಪೈರಿಗೆ ಕಾಲಿಡದೆ ನಡೆಯುತ್ತಾನೆ, ಇದು ಯಾರ ಜಾಗ ಎಂದು ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿರುವುದೇ ಅದರ ಕಾನೂನು. ಊರಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಇಷ್ಟು ಸಣ್ಣ ಸಂಗತಿ ಮೂವತ್ತು ವರ್ಷ ಕಡತದಲ್ಲಿ ಮುಳುಗಿದ್ದ ನನ್ನ ತಲೆಗೆ ಹೊಳೆಯಲಿಲ್ಲ. ತಿಂಗಳೊಳಗೆ ಅರ್ಜಿಗೆ ಉತ್ತರವಾಗಿ ಹಿಂಬರಹ ಬಂತು: ಗ್ರಾಮನಕಾಶೆಯಲ್ಲಿ ಸದರಿ ದಾರಿ ಕಂಡುಬಂದಿರುವುದಿಲ್ಲ. ಅದರದೊಂದು ಪ್ರತಿ ಲೇಔಟಿನವರಿಗೂ ಹೋಯಿತು. ಅವರ ಅನುಮಾನ ಪರಿಹಾರವಾಯಿತು, ಹದಿನೈದು ದಿನದಲ್ಲಿ ಗೋಡೆ ಎದ್ದಿತು.

ಗೋಡೆಯ ಒಳಗೇನು ಮಾಡಿದ್ದಾರೆ ಗೊತ್ತೇ? ಸೈಕಲ್ ಪಥ! ನೀಲಿ ಬಣ್ಣ ಬಳಿದ, ಗುಂಡಗಿರುವ ಪಥ. ಎಲ್ಲಿ ಹತ್ತಿದರೆ ಅಲ್ಲಿಗೇ ಬಂದು ಇಳಿಯಬಹುದು, ಯಾವ ಊರಿಗೂ ಹೋಗಬೇಕಾಗಿಲ್ಲ. ಗೇಟಿನ ಫಲಕದಲ್ಲಿ ಹಳ್ಳಿಗಾಡಿನ ನೆಮ್ಮದಿಯ ನಡುವೆ ನಿಮ್ಮ ಮನೆ ಎಂದು ಬರೆದಿದೆ. ಹಳ್ಳಿಯ ಹೆಣ್ಣುಮಗಳ ದಾರಿ ಕಿತ್ತುಕೊಂಡು ಹಳ್ಳಿಗಾಡಿನ ನೆಮ್ಮದಿ ಮಾರುವವರ ನಾಚಿಕೆಗೇಡಿತನವನ್ನು ಯಾವ ಶಬ್ದದಲ್ಲಿ ಬೈಯಲಿ? ನನಗೆ ಗೊತ್ತಿರುವ ಬೈಗುಳಗಳನ್ನೆಲ್ಲ ಫಲಕದ ಮುಂದೆ ನಿಂತು ಖರ್ಚು ಮಾಡಿದೆ. ವಕೀಲರನ್ನೂ ಕಂಡೆ. ರೂಢಿಗೂ ಹಕ್ಕುಂಟು, ದಾವೆ ಹೂಡಬಹುದು, ಆದರೆ ವರ್ಷಗಟ್ಟಲೆ ಕಾಯಬೇಕು ಎಂದರು. ಹುಳುವಿನ ಆಯುಷ್ಯ ಒಂದು ತಿಂಗಳೂ ಇಲ್ಲ.

ಸರೋಜಮ್ಮ ಸೊಪ್ಪಿನ ಹೊರೆಯೊಂದಿಗೆ ಟಾರು ರಸ್ತೆ ಬಳಸಿ ಬರತೊಡಗಿದರು. ನಾಲ್ಕು ಕಿಲೋಮೀಟರು, ಬಿಸಿಲು, ಟಿಪ್ಪರಿನ ಧೂಳು. ಬಾಡಿದ, ಧೂಳು ಹಿಡಿದ ಸೊಪ್ಪು ತಿಂದ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದ ಮೂರನೆಯ ದಿನಕ್ಕೆ ಸಪ್ಪೆ ರೋಗ ಹಿಡಿದು ಮೆತ್ತಗಾದವು. ನಾನು ಹೋದಾಗ ಅವರು ತಟ್ಟೆಗಳನ್ನು ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ; ಕುಡಿಯಲು ನೀರು ಕೊಟ್ಟರು. ಮಜ್ಜಿಗೆ ಕೊಡಲಿಲ್ಲ.

ನಾಚಿಕೆಯಿಂದ ಎರಡು ತಿಂಗಳು ಅತ್ತ ತಲೆ ಹಾಕಲಿಲ್ಲ. ಮತ್ತೆ ಹೋದ ದಿನ ಗೋಡೆಯ ಕೊನೆಯಲ್ಲಿ, ಪಕ್ಕದ ತೋಟದ ನರಸಿಂಹಪ್ಪನವರ ಬೇಲಿಯಿಂದ ಸರೋಜಮ್ಮ ತಲೆಯ ಮೇಲೆ ಹೊರೆಯೊಂದಿಗೆ ಹೊರಬಂದರು. ನರಸಿಂಹಪ್ಪನವರು ತಮ್ಮ ಹಿಪ್ಪುನೇರಳೆಯ ಎರಡು ಸಾಲನ್ನು ಬುಡಸಮೇತ ಕಿತ್ತು, ಒಂದು ಹೊರೆ ಹಿಡಿಸುವಷ್ಟು ಅಗಲ ಬಿಟ್ಟಿದ್ದರು. ಯಾರೂ ಕೇಳಿರಲಿಲ್ಲವಂತೆ, ಅವರೂ ಏನೂ ಹೇಳಿರಲಿಲ್ಲವಂತೆ. ಒಂದು ಬೆಳಗ್ಗೆ ಬೇಲಿಯ ಮುಳ್ಳು ಸರಿದಿತ್ತು, ಅಷ್ಟೇ. ಸಂತೋಷ ತಾಳಲಾರದೆ ಸೈಕಲ್ಲಿನ ಮುಂದಿನ ಚಕ್ರವನ್ನು ಆ ಸಂದಿಗೆ ತೂರಿಸಹೋದೆ.

ಸರೋಜಮ್ಮ ಹೊರೆ ಇಳಿಸದೆಯೇ ಅಡ್ಡ ನಿಂತರು.

"ಬ್ಯಾಡ ಸಾರ್. ಚಕ್ರದ ಗುರ್ತು ಬಿದ್ರೆ ದಾರಿ ಅಂತ ಗೊತ್ತಾಗೋಗ್ತದೆ. ನೀವು ಈ ಕಡೆ ಬರ್ಬೇಡಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸೊಪ್ಪು ಬಾಡುತ್ತದೆಂದು ಅವರು ಮುಂದೆ ಹೊರಟರು. ನಾನು ಚಕ್ರವನ್ನು ಹಿಂದಕ್ಕೆಳೆದು, ಬಿದ್ದಿದ್ದ ಗುರುತನ್ನು ಚಪ್ಪಲಿಯಿಂದ ಒರೆಸಿ, ಟಾರು ರಸ್ತೆಗೆ ತಿರುಗಿದೆ.