ತಂತಿಯ ತಳದ ಬಿಲ್ಲು

ಬಿಲ್ಲನ್ನು ತಂತಿಗೆ ಚುಚ್ಚುವುದರಲ್ಲಿ ಒಂದು ಸುಖವಿದೆ. ಟಪ್ಪೆಂದು ಚುಚ್ಚಿದ ಕೂಡಲೇ ಹಣ ಕೊಟ್ಟೇಬಿಟ್ಟಷ್ಟು ನಿರಾಳವಾಗುತ್ತದೆ. ನಮ್ಮ ಗಿರಣಿಯ ಗೋಡೆಗೆ ನೇತುಹಾಕಿದ ಕೊಕ್ಕೆ ತಂತಿಯ ದಯೆಯಿಂದ ನಾನು ಎಷ್ಟೋ ದಿನ ಎಲ್ಲರ ಬಾಕಿ ತೀರಿಸಿದ ಸಮಾಧಾನದಲ್ಲಿ ಮನೆಗೆ ಹೋಗಿದ್ದೇನೆ.

ಯಲಬುರ್ಗಾದಲ್ಲಿ ನಮ್ಮದೊಂದು ಸಣ್ಣ ಗಿರಣಿ. ಜೋಳ ಬೀಸುವುದು, ಖಾರ ಕುಟ್ಟುವುದು ವೈನಿಯ, ಅಂದರೆ ಅಣ್ಣನ ಹೆಂಡತಿಯ, ಕೆಲಸ. ಬಿ.ಕಾಂ. ಮಾಡಿದ ತಪ್ಪಿಗೆ ಕಾಗದಪತ್ರ ನನ್ನ ಪಾಲು. ಕರೆಂಟ್ ಬಿಲ್ಲಿಗೆ, ಬಾಡಿಗೆಗೆ ಫೋನು ಗಂಟೆ ಹೊಡೆಯುವ ಹಾಗೆ ಮಾಡಿಟ್ಟಿದ್ದೆ. ಉಳಿದವಕ್ಕೆ ಗಂಟೆ ಬೇಕಿರಲಿಲ್ಲ. ಯಂತ್ರದ ಬೆಲ್ಟ್ ಮಾರುವವರು ಬಂದು ಬೆಂಚಿನ ಮೇಲೆ ಕೂತು ಎರಡನೆಯ ಚಹಾ ಕೇಳಿದರೆಂದರೆ ಅವರ ಬಿಲ್ಲಿಗೆ ದಿನ ತುಂಬಿತೆಂದೇ ಅರ್ಥ. ಯಾರ ದನಿ ದೊಡ್ಡದೋ ಅವರಿಗೆ ಮೊದಲು. ಈ ಪದ್ಧತಿಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಪಾಲಿಸದ ಅಂಗಡಿಯನ್ನು ಮಾತ್ರ ನಾನು ಕಂಡಿಲ್ಲ.

ಕಾಲೇಜು ಕಲಿಸಿದ್ದು ಬೇರೆ: ಮೊದಲು ಬಂದ ಮಾಲು ಮೊದಲು ಹೋಗಬೇಕು. ಮಾರಲು ಇಟ್ಟ ಜೋಳದ ಚೀಲಗಳ ವಿಷಯದಲ್ಲಿ ನಾನಿದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ, ಇಲ್ಲವಾದರೆ ನುಸಿ ಹಿಡಿಯುತ್ತದೆ. ಬಿಲ್ಲಿಗೆ ನುಸಿ ಹಿಡಿಯುವುದಿಲ್ಲ ನೋಡಿ. ತಂತಿಯಲ್ಲಿ ಕೊನೆಗೆ ಬಂದದ್ದು ಮೇಲೆ, ಕೈಗೆ ಸಿಗುವುದೂ ಅದೇ. ಮೊದಲು ಬಂದದ್ದು ತಳದಲ್ಲಿ ಕೂತು ಹಳದಿಯಾಗುತ್ತದೆ.

ನಮ್ಮ ತಳದಲ್ಲಿ ಕೂತದ್ದು ವಿರುಪಣ್ಣನ ಬಿಲ್ಲು. ಮಂಗಳೂರಿನಿಂದ ಬೈಕಿನಲ್ಲಿ ಬರುವ ಎಲೆಕ್ಟ್ರಿಷಿಯನ್ ಅವನು (ಇದು ನಮ್ಮ ತಾಲೂಕಿನ ಮಂಗಳೂರು, ಸಮುದ್ರವಿಲ್ಲದ್ದು). ಖಾರದ ಯಂತ್ರದ ವೈರಿಂಗ್ ಮಾಡಿ, ಕ್ಯಾಲೆಂಡರ್ ಹಾಳೆಯ ಹಿಂದೆ ಬಿಲ್ಲು ಬರೆದುಕೊಟ್ಟು ಹೋದವನು ಮತ್ತೆ ಸೊಲ್ಲೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ತಿಂಗಳು ಯಂತ್ರ ತನ್ನ ಪಾಡಿಗೆ ಓಡಿತು.

ಒಂದು ಬೆಳಿಗ್ಗೆ ವೈನಿ ಆ ಯಂತ್ರದ ಮೇಲೆ ಕೈ ಇಟ್ಟವರು ತೆಗೆಯಲಿಲ್ಲ. ತೆಗೆಯಲಾಗಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿ ಪೆನ್ನು ಹಿಡಿದು ನೋಡುತ್ತ ನಿಂತಿದ್ದೆ. ಇವತ್ತಿಗೂ ದಿನಕ್ಕೆ ಹತ್ತು ಸಲ ಅಲ್ಲೇ ನಿಂತು ನೋಡುತ್ತೇನೆ. ಖಾರ ಕುಟ್ಟಿಸಲು ಬಂದಿದ್ದ ದ್ಯಾಮವ್ವ ಓಡಿಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದಳು. ವೈನಿ ಕುಸಿದು ಕೂತರು. ಉಸಿರಾಡಿದರು.

"ಏನ್ ಸಾಲಿ ಕಲ್ತೀಯವ್ವಾ! ಗೊಂಬಿ ನಿಂತಂಗ ನಿಂತೀಯಲ್ಲ, ರಿಕ್ಷಾ ಕರಿ!" ಎಂದು ದ್ಯಾಮವ್ವ ಗದರಿದ ಮೇಲೆಯೇ ನನ್ನ ಕಾಲು ಕದಲಿದ್ದು.

ಅಂಗೈ ಸುಟ್ಟದ್ದು ಬಿಟ್ಟರೆ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಮರಳಿ ಬಂದು ತಂತಿಯ ಬಿಲ್ಲುಗಳನ್ನೆಲ್ಲ ಬಿಡಿಸಿದೆ. ವಿರುಪಣ್ಣನ ಹಾಳೆಯ ಕೊನೆಗೆ ಹೀಗಿತ್ತು: 'ಅರ್ಥಿಂಗ್ ಜೋಡಿಸೋದು ಬಾಕಿ. ರೊಕ್ಕ ಕೊಟ್ಟರ ತಂತಿ ತಂದು ಜೋಡಸ್ತೀನಿ. ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ.' ಯಂತ್ರದ ಮೈಗೆ ಇಳಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ ಅದು. 'ಮಾಡಬ್ಯಾಡ್ರಿ' ಎಂಬಲ್ಲಿಯೇ ನಾನು ಚುಚ್ಚಿದ ತೂತು.

ವಿಷಯ ತಿಳಿದು ವಿರುಪಣ್ಣ ಅಂದೇ ಓಡಿಬಂದ. ರೊಕ್ಕ ಮುಟ್ಟುವ ಮೊದಲು ತಂತಿ ಜೋಡಿಸಿದ. "ಒಮ್ಮಿ ಬಾಯಿಬಿಟ್ಟು ಕೇಳಬಾರದಾಗಿತ್ತೇನ್ ವಿರುಪಣ್ಣ?" ಎಂದೆ.

"ಬರದ್ ಕೊಟ್ಟಿದ್ನಲ್ರಿ ಅಕ್ಕಾರ. ಕಲತವ್ರು, ಓದಿರ್ತೀರಿ ಅಂತ ತಿಳದೆ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಈಗ ಶನಿವಾರ ಮಧ್ಯಾಹ್ನ ಬಿಲ್ಲಿನ ಹೊತ್ತು. ಮೊದಲು ಪ್ರತಿಯೊಂದನ್ನೂ ಪೂರ್ತಿ ಓದುತ್ತೇನೆ, ಆಮೇಲೆ ತಳದಿಂದ ಕೊಡುತ್ತ ಬರುತ್ತೇನೆ. ಕೇಳಲು ನಾಚುವವರಿಗೆ ನಾನೇ ಫೋನ್ ಹಚ್ಚುತ್ತೇನೆ. ಮೊನ್ನೆ ಕುಷ್ಟಗಿಯ ಚೀಲದ ವ್ಯಾಪಾರಿಗೆ ಹಚ್ಚಿ, "ನಮ್ಮಿಂದ ನಿಮಗೇನರ ಬರೋದೈತೇನ್ರಿ?" ಎಂದೆ.

"ಯಾಕ್ರೀ ಅಕ್ಕಾರ," ಎಂದರು ಗಾಬರಿಯಿಂದ, "ಗಿರಣಿ ಮುಚ್ಚಾಕತ್ತೀರೇನ್?"

ಉತ್ತರ ಕೊಡುವುದು ತುಸು ತಡವಾಯಿತು. ವೈನಿ ಆಗಷ್ಟೇ ಖಾರದ ಯಂತ್ರ ಚಾಲೂ ಮಾಡುತ್ತಿದ್ದರು. ಅವರು ಕೈ ಹಿಂದಕ್ಕೆ ತೆಗೆಯುವ ತನಕ ನನಗೆ ಯಾರ ಜೊತೆಯೂ ಮಾತು ಬರುವುದಿಲ್ಲ.